ಮೂಸಿ ಉಕ್ಕಿದ್ದು ಹೇಗೆ: ಹೈದರಾಬಾದಿನ ನೆರೆಯ ಲೆಕ್ಕ

ಬೇಸಿಗೆಯಲ್ಲಿ ಅಫ್ಜಲ್‌ಗಂಜ್ ಸೇತುವೆಯ ಮೇಲೆ ನಿಂತು ಕೆಳಗೆ ನೋಡಿದರೆ ಕಾಣುವುದು ಕಪ್ಪು ನೀರಿನ ಸಣ್ಣ ಹರಿವು, ಅಕ್ಕಪಕ್ಕ ಹುಲ್ಲು, ಆಚೆ ಎತ್ತರದ ಕಲ್ಲಿನ ತಡೆಗೋಡೆ. ಇಷ್ಟು ನೀರಿಗೆ ಇಷ್ಟು ದೊಡ್ಡ ಗೋಡೆ ಯಾಕೆ ಅನ್ನಿಸುತ್ತದೆ. 1908ರ ಸೆಪ್ಟೆಂಬರ್ 28ರಂದು ಇದೇ ಪಾತ್ರದಲ್ಲಿ ಸುಮಾರು 4,25,000 ಕ್ಯುಸೆಕ್ ನೀರು ಬಂದಿತ್ತು. ಅಂದರೆ ಪ್ರತಿ ಸೆಕೆಂಡಿಗೆ ನಾಲ್ಕೂಕಾಲು ಲಕ್ಷ ಘನ ಅಡಿ. ಸತ್ತವರ ಅಂದಾಜು 15,000. ಬಿದ್ದ ಮನೆಗಳು ಸುಮಾರು 19,000. ನಾಲ್ಕು ಸೇತುವೆಗಳಲ್ಲಿ ಮೂರು ಕೊಚ್ಚಿಹೋಗಿ, 1578ರಲ್ಲಿ ಕಟ್ಟಿದ ಪುರಾನಾಪುಲ್ ಒಂದೇ ಎರಡು ದಡಗಳ ನಡುವಿನ ದಾರಿಯಾಗಿ ಉಳಿಯಿತು. ಈಗ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿರುವ ಒಂದು ಹುಣಸೆಮರವನ್ನು ಹತ್ತಿ ಕುಳಿತ ಸುಮಾರು 150 ಮಂದಿ ಬದುಕಿಕೊಂಡರು.

ಮೂಸಿ ಹುಟ್ಟುವುದು ನಗರಕ್ಕೆ ಪಶ್ಚಿಮದಲ್ಲಿ, ವಿಕಾರಾಬಾದ್ ಬಳಿಯ ಅನಂತಗಿರಿ ಗುಡ್ಡಗಳಲ್ಲಿ. ಇದು ಹಿಮದ ನೀರಿಲ್ಲದ, ಮಳೆಯನ್ನೇ ನಂಬಿದ ಸಣ್ಣ ಹೊಳೆ. ನಗರಕ್ಕೆ ಕಾಲಿಡುವ ಮುಂಚೆ, ಲಂಗರ್‌ಹೌಸ್ ಹತ್ತಿರ, ಈಸಿ ಎಂಬ ಇನ್ನೊಂದು ಹೊಳೆ ಬಂದು ಸೇರುತ್ತದೆ. ಗೋಲ್ಕೊಂಡದಲ್ಲಿ ಜನ ಹೆಚ್ಚಾದಾಗ ಕುತುಬ್‌ಶಾಹಿಗಳು 1591ರಲ್ಲಿ ಹೊಸ ಊರು ಕಟ್ಟಿದ್ದು ಈ ಕೂಡುವಿಕೆಗೆ ತುಸು ಕೆಳಗೆ, ಮೂಸಿಯ ದಕ್ಷಿಣ ದಡದಲ್ಲಿ. ನೀರು ಕೈಗೆ ಸಿಗುವ ಜಾಗ, ಎರಡು ಹೊಳೆಗಳ ನೆರೆ ಒಟ್ಟಾಗಿ ಬಂದು ಬಡಿಯುವ ಜಾಗವೂ ಹೌದು.

ನೆಲದ ಸ್ವಭಾವವೂ ಇದಕ್ಕೆ ಕೂಡಿಬರುತ್ತದೆ. ಇಲ್ಲಿ ಅಡಿಯಲ್ಲಿರುವುದು ಗ್ರಾನೈಟ್. ಮೇಲೆ ತೆಳ್ಳಗಿನ ಮಣ್ಣು, ಅಲ್ಲಲ್ಲಿ ಬೋಳುಬಂಡೆ. ಕೆಲವು ದಿನ ಸತತ ಮಳೆ ಬಂದರೆ ಮಣ್ಣು ನೆನೆದು, ನಂತರದ ಮಳೆಯಲ್ಲಿ ಹೆಚ್ಚಿನ ಪಾಲು ನೇರ ಹಳ್ಳಕ್ಕೆ ಇಳಿಯುತ್ತದೆ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳು ದಖ್ಖನ್ನಿನ ಒಳಗೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲೂ ಉಂಟು. ಆ ಹೊತ್ತಿಗೆ ಕೆರೆಗಳು ತುಂಬಿರುತ್ತವೆ. ನನ್ನ ಮಟ್ಟಿಗೆ, ಈ ನಗರದ ನೆರೆ ಅರ್ಥವಾಗಬೇಕಾದರೆ ಹೊಳೆಗಿಂತ ಮೊದಲು ನೋಡಬೇಕಾದದ್ದು ಈ ಕೆರೆಗಳನ್ನು.

1909ರಲ್ಲಿ ನಿಜಾಮರ ಕರೆಯ ಮೇಲೆ ಬಂದ ಎಂ. ವಿಶ್ವೇಶ್ವರಯ್ಯ ಮಾಡಿದ್ದೂ ಅದನ್ನೇ. ಆಗಿನ್ನೂ ಅವರು ಮೈಸೂರಿನ ಮುಖ್ಯ ಎಂಜಿನಿಯರ್ ಆಗಿರಲಿಲ್ಲ. ಕನ್ನಂಬಾಡಿ ಕಟ್ಟೆ ಮುಂದಿನ ಮಾತು. ನಗರದ ಮೇಲ್ಭಾಗದ 862 ಚದರ ಮೈಲಿ ಜಲಾನಯನದಲ್ಲಿ 788 ಕೆರೆಗಳಿದ್ದವು, ಹೆಚ್ಚುಕಮ್ಮಿ ಮೈಲಿಗೊಂದು. ಅವುಗಳಲ್ಲಿ 221 ಒಡೆದಿದ್ದವು. ಶಂಷಾಬಾದಿನಲ್ಲಿ 24 ಗಂಟೆಯಲ್ಲಿ 12.8 ಅಂಗುಲ, ಅಂದರೆ ಸುಮಾರು 325 ಮಿ.ಮೀ. ಮಳೆಯಾಗಿತ್ತು.

ಇಲ್ಲೊಂದು ಲೆಕ್ಕ ಮಾಡಿ ನೋಡಬಹುದು. ಒಂದು ಚದರ ಮೈಲಿಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು 23.2 ಲಕ್ಷ ಘನ ಅಡಿ ನೀರು. ಶಂಷಾಬಾದಿನಷ್ಟೇ ಮಳೆ ಇಡೀ ಜಲಾನಯನಕ್ಕೆ ಬಿತ್ತು, ಒಂದು ಹನಿಯೂ ಇಂಗಲಿಲ್ಲ, ಕೆರೆಯಲ್ಲಿ ನಿಲ್ಲಲಿಲ್ಲ ಎಂದೇ ಇಟ್ಟುಕೊಳ್ಳೋಣ. ಆಗಲೂ ಒಟ್ಟು 25.6 ಟಿಎಂಸಿ, ದಿನದ ಸರಾಸರಿ ಹರಿವು ಮೂರು ಲಕ್ಷ ಕ್ಯುಸೆಕ್‌ಗಿಂತ ಸ್ವಲ್ಪ ಕಡಿಮೆ. ಮಳೆಯ ಬಿರುಸು ಏರಿಳಿಯುವುದರಿಂದ ಗರಿಷ್ಠ ಹರಿವು ಸರಾಸರಿಗಿಂತ ಹೆಚ್ಚಿರುವುದು ಸಹಜ. ಆದರೂ ಇಷ್ಟು ಉದಾರವಾಗಿ ಹಿಡಿದ ಸರಾಸರಿಯನ್ನೂ ಸವಾಲಕ್ಷ ಕ್ಯುಸೆಕ್‌ನಷ್ಟು ಮೀರಿತೆಂದರೆ, ಕೆರೆಗಳಲ್ಲಿ ಮೊದಲೇ ನಿಂತಿದ್ದ ನೀರು ಮಳೆನೀರಿನ ಬೆನ್ನೇರಿ ಬಂದದ್ದನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ಮಣ್ಣಿನ ಏರಿ ಒಡೆಯುವ ಬಗೆಯನ್ನು ಹತ್ತಿರದಿಂದ ನೋಡೋಣ. ಕೆರೆಗೆ ಬರುವ ಹೆಚ್ಚುವರಿ ನೀರು ಕೋಡಿಯಲ್ಲಿ ಹೊರಹೋಗಬೇಕು. ಕೋಡಿ ಕಿರಿದಾಗಿದ್ದರೆ, ಹೂಳು ಗಿಡಗಂಟಿ ತುಂಬಿದ್ದರೆ, ಅಥವಾ ಇನ್ನಷ್ಟು ನೀರು ನಿಲ್ಲಲೆಂದು ಯಾರೋ ಮರಳುಚೀಲ ಇಟ್ಟಿದ್ದರೆ, ನೀರು ಏರಿಯ ತಲೆಯ ಮಟ್ಟಕ್ಕೆ ಬರುತ್ತದೆ. ಏರಿಯ ತಲೆ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ದನ, ಗಾಡಿ ಹತ್ತಿಳಿದು ತಗ್ಗಾದ ಒಂದು ಜಾಗ ಇದ್ದೇ ಇರುತ್ತದೆ. ನೀರು ಮೊದಲು ದಾಟುವುದು ಅಲ್ಲಿಯೇ. ಒಳಮೈಗೆ ಕಲ್ಲು ಹಾಸಿರುತ್ತದೆ, ಹೊರಮೈ ಬರೀ ಮಣ್ಣು. ಆ ಇಳಿಜಾರಿನಲ್ಲಿ ಧುಮುಕುವ ನೀರು ಬುಡದಲ್ಲಿ ಗುಂಡಿ ತೋಡುತ್ತದೆ, ಗುಂಡಿ ಮೆಟ್ಟಿಲು ಮೆಟ್ಟಿಲಾಗಿ ಹಿಂದಕ್ಕೆ, ಕೆರೆಯ ಕಡೆಗೆ, ಕೊರೆಯುತ್ತ ಬರುತ್ತದೆ. ತಲೆಭಾಗ ಕುಸಿದ ಕ್ಷಣ ಹರಿವು ಹತ್ತಾರು ಪಟ್ಟು ಏರುತ್ತದೆ. ಆ ನೀರು ಕೆಳಗಿನ ಕೆರೆಗೆ ನುಗ್ಗಿದಾಗ, ತನ್ನ ಪಾಲಿನ ಮಳೆಗಷ್ಟೇ ಅಳೆದು ಮಾಡಿದ ಅದರ ಕೋಡಿಗೆ ಇದನ್ನು ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ. ಹೀಗೆ ಒಂದರ ಹಿಂದೆ ಒಂದು. ಕೆರೆಗಳು ಸರಪಳಿಯಂತೆ ಇರುವುದು ಬರಗಾಲಕ್ಕೆ ವರ, ಕೋಡಿ ಕೆಟ್ಟಾಗ ಅದೇ ಸರಪಳಿ ನೆರೆಯ ದಾರಿ.

ವಿಶ್ವೇಶ್ವರಯ್ಯನವರ ಸಲಹೆ ಎರಡು ಭಾಗದ್ದು: ನಗರದೊಳಗೆ ದಡ ಎತ್ತರಿಸಿ ಗೋಡೆ, ನಡೆದಾಡುವ ದಾರಿ, ನಗರದ ಮೇಲೆ ಎರಡೂ ಹೊಳೆಗಳಿಗೆ ಒಂದೊಂದು ಜಲಾಶಯ. ಮೂಸಿಯ ಉಸ್ಮಾನ್ ಸಾಗರ 1920ರಲ್ಲಿ, ಈಸಿಯ ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ಕುಡಿಯುವ ನೀರೂ ಸಿಕ್ಕಿತು, ನೆರೆಗೂ ತಡೆ ಬಂತು. ತೊಡಕು ಇರುವುದು ಈ ಎರಡು ಕೆಲಸಗಳ ನಡುವೆಯೇ. ಕುಡಿಯುವ ನೀರಿಗೆ ಜಲಾಶಯ ತುಂಬಿರಬೇಕು, ನೆರೆಗೆ ಖಾಲಿ ಇರಬೇಕು. ಈಗ ಉಸ್ಮಾನ್ ಸಾಗರದ ಸಾಮರ್ಥ್ಯ 3.9 ಟಿಎಂಸಿ, ಹಿಮಾಯತ್ ಸಾಗರದ್ದು 2.97. ಎರಡೂ ಪೂರ್ತಿ ಬರಿದಾಗಿದ್ದರೂ 1908ರ ಗರಿಷ್ಠ ಹರಿವಿಗೆ ನಾಲ್ಕೂವರೆ ಗಂಟೆಯಲ್ಲಿ ತುಂಬಿಹೋಗುತ್ತವೆ. ಹಾಗಾಗಿ ಗೇಟು ತೆರೆಯುವ ಹೊತ್ತು ಬಹಳ ಮುಖ್ಯ: ಮೇಲೆ ಭಾರಿ ಮಳೆಯ ಮುನ್ಸೂಚನೆ ಬಂದ ಕೂಡಲೇ ಸ್ವಲ್ಪ ಸ್ವಲ್ಪ ಬಿಟ್ಟು ಜಾಗ ಮಾಡಿಕೊಂಡರೆ ನಗರ ತಡೆದುಕೊಳ್ಳುತ್ತದೆ, ತುಂಬುವವರೆಗೂ ಕಾದರೆ ಬಂದಷ್ಟನ್ನೂ ಒಮ್ಮೆಲೇ ಕೆಳಗೆ ಬಿಡದೆ ಬೇರೆ ದಾರಿಯಿಲ್ಲ. 2025ರ ಸೆಪ್ಟೆಂಬರ್ ಕೊನೆಯಲ್ಲಿ ಮೂಸಿ ಉಕ್ಕಿ ನೀರು ನುಗ್ಗಿದ ಇಮ್ಲಿಬನ್ ಬಸ್ ನಿಲ್ದಾಣ, ಬೀದರ್, ಕಲಬುರಗಿ ಬಸ್ಸುಗಳೂ ಬಂದು ನಿಲ್ಲುವ ಜಾಗ, ಹೊಳೆಯ ನಡುಗಡ್ಡೆಯ ಮೇಲೇ ಇದೆ.

ಇನ್ನು ಜಲಾಶಯಗಳ ಕೆಳಗೆ ಬಿದ್ದ ಮಳೆಗೆ ಆ ಗೇಟುಗಳು ಏನೂ ಮಾಡಲಾರವು. 2000ದ ಆಗಸ್ಟ್ 24ರಂದು ಬೇಗಂಪೇಟೆಯಲ್ಲಿ 241.5 ಮಿ.ಮೀ., 2020ರ ಅಕ್ಟೋಬರ್ 13–14ರ ನಡುವೆ 191.8 ಮಿ.ಮೀ. ಸುರಿಯಿತು. ಎರಡನೆಯದನ್ನು ಒಂದು 30–40 ಸೈಟಿನ ಲೆಕ್ಕಕ್ಕೆ ಇಳಿಸಿದರೆ ಒಂದೇ ಮನೆಯ ಮೇಲೆ 21,000 ಲೀಟರ್‌ಗೂ ಹೆಚ್ಚು, ಎರಡು ದೊಡ್ಡ ಟ್ಯಾಂಕರ್ ನೀರು. ಸಾವಿರ ಮನೆಗಳ ಬಡಾವಣೆ ಇದನ್ನು ಕಾಂಕ್ರೀಟ್ ರಸ್ತೆಯ ಮೂಲಕ ಕೆಲವೇ ಗಂಟೆಯಲ್ಲಿ ಒಂದು ನಾಲೆಗೆ ಸುರಿಯುತ್ತದೆ. ಆ ವಾರದಲ್ಲೇ ಬಾಲಾಪುರದ ಗುರ್ರಂ ಚೆರುವಿನ ಏರಿ ಒಡೆದು ಕೆಳಗಿನ ಬಡಾವಣೆಗಳು ಮುಳುಗಿದವು. 1908ರಲ್ಲಿ ನಗರದ ಹೊರಗೆ ನಡೆದದ್ದು ಈಗ ನಗರದ ಒಳಗೆ, ಚಿಕ್ಕ ಅಳತೆಯಲ್ಲಿ. ಆಗ ಏರಿಯ ಕೆಳಗೆ ಗದ್ದೆ ಇತ್ತು, ಈಗ ಮನೆಗಳಿವೆ. ಬೆಂಗಳೂರಿನ ರಾಜಕಾಲುವೆಗಳ ಪಕ್ಕ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೆರೆಯ ಕೆಳಗೆ ಮನೆ ಕೊಳ್ಳುವವರು ಮೂರು ಸಂಗತಿ ತಿಳಿದುಕೊಳ್ಳಬೇಕು: ಕೆರೆ ತುಂಬಿದಾಗಿನ ನೀರಿನ ಗಡಿ ನಕ್ಷೆಯಲ್ಲಿ ಎಲ್ಲಿದೆ, ಕೋಡಿಯ ಕಾಲುವೆ ಎಲ್ಲಿ ಹೋಗುತ್ತದೆ, ಅದು ಮುಂದಿನ ಕೆರೆಯವರೆಗೂ ತೆರೆದೇ ಇದೆಯೇ. ಬೇಸಿಗೆಯಲ್ಲಿ ಕಾಣುವ ನೀರಿನ ಅಂಚನ್ನು ಗಡಿ ಎಂದು ನಂಬಬಾರದು. ಮಳೆಗಾಲದಲ್ಲಿ ಏರಿಯ ಹೊರಬುಡವನ್ನು ನೋಡುತ್ತಿರಬೇಕು. ಅಲ್ಲಿ ಜಿನುಗುವ ನೀರು ತಿಳಿಯಾಗಿದ್ದು, ಪ್ರಮಾಣ ದಿನದಿಂದ ದಿನಕ್ಕೆ ಒಂದೇ ಸಮ ಇದ್ದರೆ ಗುರುತು ಮಾಡಿಟ್ಟುಕೊಂಡು ನೀರಾವರಿ ಇಲಾಖೆಗೆ ತಿಳಿಸಿದರೆ ಸಾಕು. ನೀರು ಕೆಂಪಾಗಿ, ಮಣ್ಣು ಬೆರೆತು ಬರುತ್ತಿದ್ದರೆ ಏರಿಯ ಒಳಗೆ ಕೊಳವೆ ಬಿದ್ದಿದೆ, ಅದು ಗಂಟೆಗಂಟೆಗೂ ಅಗಲವಾಗುತ್ತಿದೆ ಎಂದೇ ತಿಳಿಯಬೇಕು. ಆಗ ಹೊರಬಾಯಿಗೆ ಮಣ್ಣು ತುರುಕಿ ಮುಚ್ಚಬಾರದು. ಒತ್ತಡ ಇನ್ನೊಂದು ಕಡೆ ಬಾಯಿ ತೆರೆಯುತ್ತದೆ. ಬಾಯಿಯ ಸುತ್ತ ಮರಳುಚೀಲಗಳನ್ನು ಬಾವಿಕಟ್ಟೆಯಂತೆ ಪೇರಿಸಿ ಒಳಗೆ ನೀರಿನ ಮಟ್ಟ ಏರಲು ಬಿಟ್ಟರೆ ಹರಿವಿನ ಬಿರುಸು ತಗ್ಗುತ್ತದೆ. ಆ ಕೆಲಸ ಶುರುವಾಗುವ ಮುಂಚೆಯೇ ಏರಿಯ ಕೆಳಗಿನ ಮನೆಗಳು ಖಾಲಿಯಾಗಿರಬೇಕು.