ಸಬ್‌ವೂಫರ್‌ಗೆ ನೀರು ಬಿಡುವುದು: ಹೋಮ್ ಥಿಯೇಟರ್ ಕಲಿಯುವವರಿಗೆ ನನ್ನ ಟಿಪ್ಪಣಿ

ಸಿನಿಮಾ ಹಾಕಿದರೆ ಗುಡುಗುತ್ತಿದ್ದ ಸಬ್‌ವೂಫರ್ (ಬೇಸ್, ಅಂದರೆ ತಗ್ಗಿನ ದಪ್ಪ ಸದ್ದನ್ನು ಮಾತ್ರ ನುಡಿಸುವ ಸ್ಪೀಕರ್), ಹಾಡು ಹಾಕಿದರೆ ಸುಮ್ಮನಾಗಿಬಿಡುತ್ತಿತ್ತು. ಎರಡು ವಾರ ನನ್ನನ್ನು ಕಾಡಿದ್ದು ಇದೇ. ಕೇಬಲ್ ಬದಲಿಸಿದೆ, ಫ್ಯೂಸ್ ನೋಡಿದೆ, ಇನ್ನೇನು ಅಂಗಡಿಗೆ ವಾಪಸ್ ಒಯ್ಯಬೇಕು ಅಂತ ಡಬ್ಬಿಯನ್ನೂ ಹುಡುಕಿಟ್ಟಿದ್ದೆ. ಕೊನೆಗೆ ನೋಡಿದರೆ ಸಬ್ ಚೆನ್ನಾಗಿಯೇ ಇತ್ತು, ತಪ್ಪು ಮೆನುವಿನ ಒಂದು ಪದದಲ್ಲಿತ್ತು. ಅದು ತಲೆಯಲ್ಲಿ ಬಿಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ನಮ್ಮ ಮನೆ ಗಂಗಾವತಿಯಲ್ಲಿ. ಹಾಲ್ 12 ಅಡಿ ಅಗಲ, 15 ಅಡಿ ಉದ್ದ. ನೆಲಕ್ಕೆ ಗ್ರಾನೈಟ್, ಮೂರು ಕಡೆ ಬರೀ ಗೋಡೆ. ಮುಂದೆ ಎರಡು ಟವರ್ ಸ್ಪೀಕರ್, ಶೋಕೇಸ್‌ನಲ್ಲಿ ಸೆಂಟರ್ ಸ್ಪೀಕರ್ ಮತ್ತು ರಿಸೀವರ್ (ಸದ್ದನ್ನು ಎಲ್ಲ ಸ್ಪೀಕರ್‌ಗಳಿಗೆ ಹಂಚಿ ಓಡಿಸುವ ಪೆಟ್ಟಿಗೆ), ಹಿಂದೆ ಎರಡು ಚಿಕ್ಕ ಬಾಕ್ಸ್, ಮೂಲೆಯಲ್ಲಿ ಸಬ್. ಅಂದರೆ 5.1: ಐದು ಸ್ಪೀಕರ್, ಒಂದು ಸಬ್.

ವ್ಯಾಟ್ ಲೆಕ್ಕ

ಕೊಳ್ಳುವಾಗ ಎಲ್ಲರೂ ಮೊದಲು ಕೇಳುವುದು ಎಷ್ಟು ವ್ಯಾಟ್ ಅಂತ. ಸಾವಿರಾರು ವ್ಯಾಟ್ ಅಂತ ಡಬ್ಬಿಯ ಮೇಲೆ ಬರೆದಿದ್ದು ಪಿಎಂಪಿಒ (ಕ್ಷಣಮಾತ್ರದ ಶಕ್ತಿಯನ್ನು ಉಬ್ಬಿಸಿ ಬರೆಯುವ ಅಂಕಿ) ಆಗಿದ್ದರೆ ಅದನ್ನು ನೋಡಲೇಬೇಡಿ. ಒಳ್ಳೆಯ ರಿಸೀವರ್‌ನಲ್ಲೂ ಎರಡು ಥರದ ಅಂಕಿ ಇರುತ್ತದೆ. ಒಂದೇ ಚಾನೆಲ್ ಓಡಿಸಿ, 1 ಕಿಲೋಹರ್ಟ್ಸ್‌ನಲ್ಲಿ (ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಲೆಕ್ಕ, ಕಮ್ಮಿಯಾದಷ್ಟೂ ಸದ್ದು ದಪ್ಪ), 10% ಡಿಸ್ಟಾರ್ಷನ್ (ಸದ್ದು ಕೆಡುವುದು) ಬರುವವರೆಗೆ ತಳ್ಳಿ ಬರೆದ ಅಂಕಿ ದೊಡ್ಡದಾಗಿ ಕಾಣುತ್ತದೆ. ಎರಡು ಚಾನೆಲ್ ಓಡಿಸಿ, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ವರೆಗೆ, 0.08% ಡಿಸ್ಟಾರ್ಷನ್‌ನಲ್ಲಿ ಬರೆದ ಅಂಕಿ ಚಿಕ್ಕದು, ಆದರೆ ನಂಬಬಹುದಾದದ್ದು ಅದೇ.

ನನ್ನ ಸ್ಪೀಕರ್‌ನ ಸೆನ್ಸಿಟಿವಿಟಿ 87 ಡಿಬಿ (ಡೆಸಿಬೆಲ್, ಸದ್ದು ಎಷ್ಟು ಜೋರು ಅನ್ನುವ ಅಳತೆ). ಅಂದರೆ 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ 87 ಡಿಬಿ. ನಾನು ಕೂರುವುದು 3 ಮೀಟರ್ ದೂರ, ಅಲ್ಲಿಗೆ ಬರುವಷ್ಟರಲ್ಲಿ ಸುಮಾರು 77. ಮನೆಮಂದಿ ಕೂತು ಸಿನಿಮಾ ನೋಡುವುದಕ್ಕೆ ಅದೇ ಸಾಕಷ್ಟು ಜೋರು. ಅದೂ ಬರೀ 1 ವ್ಯಾಟ್‌ನಲ್ಲಿ! ಪಟ್ಟನೆ ಬರುವ ಸ್ಫೋಟ, ಬಾಗಿಲು ಬಡಿಯುವ ಸದ್ದು ಇಂಥದ್ದಕ್ಕೆ ಮಾತ್ರ ಹೆಚ್ಚಿನ ವ್ಯಾಟ್ ಬೇಕು. ವ್ಯಾಟ್ ದುಪ್ಪಟ್ಟಾದರೆ ಸಿಗುವುದು 3 ಡಿಬಿ ಅಷ್ಟೇ. ಹಾಗಾಗಿ 80 ವ್ಯಾಟ್‌ನದ್ದು ಬೇಡ 100ರದ್ದೇ ಬೇಕು ಅಂತ ಜಾಸ್ತಿ ದುಡ್ಡು ಸುರಿಯುವುದರಲ್ಲಿ ಅರ್ಥವಿಲ್ಲ. ಆ ದುಡ್ಡು ಸಬ್‌ಗೆ ಹೋಗಲಿ. ಓಮ್ (ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆ) ಮಾತ್ರ ನೋಡಿಕೊಳ್ಳಿ. ಸ್ಪೀಕರ್ 4 ಓಮ್ ಆಗಿದ್ದರೆ ರಿಸೀವರ್ ಅದನ್ನು ತಡೆಯುತ್ತದೆಯೇ ಅಂತ ಪುಸ್ತಕದಲ್ಲಿ ಓದಿಯೇ ಕೊಳ್ಳಿ.

ಜಾಗ ಮತ್ತು ವೈರ್

ಇದು ನನಗೆ ಸುಲಭವಾಗಿಯೇ ಆಯ್ತು, ಬೇಗ ಹೇಳಿಬಿಡುತ್ತೇನೆ. ಎಡ, ಬಲ ಸ್ಪೀಕರ್ ಮತ್ತು ನೀವು ಕೂರುವ ಜಾಗ, ಮೂರರ ನಡುವೆ ಒಂದೇ ಅಳತೆಯ ಹಗ್ಗ ಹಿಡಿದರೆ ತ್ರಿಕೋನ ಸಿಗುತ್ತದೆ. ಹಿಂದಿನ ಬಾಕ್ಸ್‌ಗಳು ಕಿವಿಗಿಂತ ಸ್ವಲ್ಪ ಹಿಂದೆ, ನೇರ ಮುಂದಿನಿಂದ ಎಣಿಸಿದರೆ 100ರಿಂದ 120 ಡಿಗ್ರಿಯಲ್ಲಿ, ಕಿವಿಗಿಂತ ಸ್ವಲ್ಪ ಮೇಲೆ. ಸಿನಿಮಾದ ಮಾತೆಲ್ಲ ಹೆಚ್ಚಾಗಿ ಸೆಂಟರ್‌ನಿಂದಲೇ ಬರುತ್ತದೆ. ಅದನ್ನು ಶೋಕೇಸ್‌ನ ಗೂಡಿನ ಒಳಗೆ ತಳ್ಳಬೇಡಿ, ಹಲಗೆಯ ಅಂಚಿಗೆ ಎಳೆದು ಇಡಿ. ಒಳಗಿದ್ದರೆ ಮಾತು ಕೊಡದೊಳಗಿಂದ ಬಂದಹಾಗೆ ಕೇಳುತ್ತದೆ.

ವೈರ್ 1.5 ಚದರ ಮಿ.ಮೀ. ತಾಮ್ರದ್ದು ನಮ್ಮಂಥ ಹಾಲ್‌ಗೆ ಸಾಕು. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ. ಹಳೇ ವೈರ್‌ನಲ್ಲಿ ಗುರುತು ಅಳಿಸಿದ್ದರೆ ರಿಸೀವರ್ ಕಡೆಯಿಂದ ಬಿಚ್ಚಿ, ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ಲನ್ನು ವೈರ್‌ಗೆ ಒಂದು ಕ್ಷಣ ಮುಟ್ಟಿಸಿ. ವೂಫರ್ ಹೊರಗೆ ಉಬ್ಬಿದರೆ ಸೆಲ್ಲಿನ ಪ್ಲಸ್ ಮುಟ್ಟಿದ ಎಳೆಯೇ ಪ್ಲಸ್. ಒಂದು ಸ್ಪೀಕರ್ ಉಲ್ಟಾ ಆದರೂ ಬೇಸ್ ಕರಗಿಹೋಗುತ್ತದೆ, ಹಾಡುವವರು ನಡುವೆ ನಿಲ್ಲದೆ ಎಲ್ಲೆಲ್ಲೋ ಹರಡಿಕೊಳ್ಳುತ್ತಾರೆ.

ಟಿ.ವಿ.ಯಿಂದ ರಿಸೀವರ್‌ಗೆ ಎಚ್‌ಡಿಎಂಐ ಎಆರ್‌ಸಿ (ಟಿ.ವಿ.ಯ ಸದ್ದನ್ನು ರಿಸೀವರ್‌ಗೆ ಕಳಿಸುವ) ತೂತಿನಿಂದಲೇ ಕೇಬಲ್ ಎಳೆಯಿರಿ, ಎರಡರಲ್ಲೂ ಮೆನುವಿನಲ್ಲಿ ಸಿಇಸಿ (ಎರಡೂ ಯಂತ್ರ ಒಂದಕ್ಕೊಂದು ಮಾತಾಡುವ ಸೌಲಭ್ಯ) ಆನ್ ಮಾಡಿ.

ಸ್ಮಾಲ್, ಲಾರ್ಜ್: ನಾನು ಮುಗ್ಗರಿಸಿದ ಜಾಗ

ರಿಸೀವರ್ ಜೊತೆ ಬರುವ ಪುಟ್ಟ ಮೈಕ್ ಇಟ್ಟು ಸ್ಪೀಕರ್‌ಗಳ ಸದ್ದನ್ನು ಅಳೆಸಿದ ಮೇಲೆ ಮೆನುವಿನಲ್ಲಿ ಪ್ರತಿ ಸ್ಪೀಕರ್ ಮುಂದೆ ಸ್ಮಾಲ್ ಅಥವಾ ಲಾರ್ಜ್ ಅಂತ ಬರುತ್ತದೆ. ನನ್ನ ಟವರ್‌ಗಳ ಮುಂದೆ ಲಾರ್ಜ್ ಅಂತ ಬಂದಿತ್ತು. ಸೊಂಟದೆತ್ತರದ ಸ್ಪೀಕರ್, ಲಾರ್ಜ್ ಅಲ್ಲದೆ ಇನ್ನೇನು? ಅದನ್ನು ಹಾಗೇ ಬಿಟ್ಟೆ. ತಪ್ಪಿದ್ದೇ ಅಲ್ಲಿ.

ಆ ಪದಗಳು ಸ್ಪೀಕರ್‌ನ ಗಾತ್ರದ ಮಾತೇ ಅಲ್ಲ. ಅವು ರಿಸೀವರ್‌ಗೆ ಕೊಡುವ ಆಜ್ಞೆ. ಲಾರ್ಜ್ ಅಂದರೆ “ಈ ಚಾನೆಲ್‌ನ ಬೇಸ್ ಪೂರ್ತಿ ಇದೇ ಸ್ಪೀಕರ್‌ಗೆ ಬಿಡು, ಸಬ್‌ಗೆ ಏನೂ ಕಳಿಸಬೇಡ.” ಸ್ಮಾಲ್ ಅಂದರೆ “ಇಷ್ಟು ಹರ್ಟ್ಸ್‌ಗಿಂತ ಕೆಳಗಿನ ಬೇಸ್ ಇದಕ್ಕೆ ಬೇಡ, ಅದನ್ನು ಸಬ್ ಕಡೆ ತಿರುಗಿಸು.”

ನಮ್ಮ ಮಾಮ ಮೈಕ್‌ಸೆಟ್ ನಡೆಸುತ್ತಾನೆ, ಮದುವೆ, ಜಾತ್ರೆಗಳಿಗೆ ಬಾಕ್ಸ್ ಕಟ್ಟುತ್ತಾನೆ. ಮಾನ್ವಿ ಕಡೆ ಅವನಿಗೆ ನಾಲ್ಕು ಎಕರೆ ಗದ್ದೆಯೂ ಇದೆ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ. ಒಂದು ದಿನ ಮನೆಗೆ ಬಂದವನು ಹಾಡು ಓಡುತ್ತಿರುವಾಗ ಸಬ್‌ನ ಕೋನ್ (ಅಲುಗಿ ಸದ್ದು ಮಾಡುವ ತಟ್ಟೆ) ಮೇಲೆ ಬೆರಳಿಟ್ಟ. ಅಲುಗಾಟವೇ ಇರಲಿಲ್ಲ. “ಸಬ್ ಕೆಟ್ಟಿಲ್ಲೋ ಅಳಿಯಾ, ಅದಕ್ಕ ಯಾರೂ ನೀರ ಬಿಟ್ಟಿಲ್ಲ” ಅಂದ. ಅವತ್ತಿನಿಂದ ಈ ವಿಷಯ ನನ್ನ ತಲೆಯಲ್ಲಿ ಕಾಲುವೆಯಾಗಿಯೇ ಕೂತಿದೆ.

ಹಾಗೇ ನೋಡೋಣ. ಸಿನಿಮಾದ 5.1 ಧ್ವನಿಯಲ್ಲಿ ಐದು ಚಾನೆಲ್‌ಗಳ ಜೊತೆ ಆರನೆಯದೊಂದು ಇರುತ್ತದೆ. ಆ ‘.1’ಗೆ ಎಲ್‌ಎಫ್‌ಇ ಅಂತ ಹೆಸರು, 120 ಹರ್ಟ್ಸ್‌ವರೆಗಿನ ಬೇಸ್‌ಗೆ ಮಾತ್ರ ಮೀಸಲು. ಅದು ಸಬ್‌ಗೇ ಇರುವ ಸ್ವಂತ ಕಾಲುವೆ. ಹಾಗಾಗಿ ಸಿನಿಮಾದಲ್ಲಿ ನನ್ನ ಸಬ್ ಗುಡುಗುತ್ತಿತ್ತು. ಹಾಡು ಸ್ಟೀರಿಯೋ, ಅದರಲ್ಲಿ ಎಡ ಬಲ ಎರಡೇ ಚಾನೆಲ್, ಎಲ್‌ಎಫ್‌ಇ ಇಲ್ಲ. ಅದರ ಬೇಸ್ ಸಬ್‌ಗೆ ಬರಬೇಕಾದರೆ ಟವರ್‌ಗಳ ಕಾಲುವೆಯಿಂದ ತೂಬು ತೆಗೆದು ತಿರುಗಿಸಬೇಕು. ನಾನು ಲಾರ್ಜ್ ಇಟ್ಟು ಆ ತೂಬನ್ನೇ ಮುಚ್ಚಿದ್ದೆ.

ಟವರ್‌ಗಳಿಗೆ ಸ್ಮಾಲ್ ಇಟ್ಟು ಕ್ರಾಸ್‌ಓವರ್ (ಬೇಸ್ ಸಬ್ ಕಡೆ ತಿರುಗುವ ಗಡಿ) 80 ಹರ್ಟ್ಸ್ ಮಾಡಿದೆ. ಅದೇ ಹಾಡು, ಅದೇ ವಾಲ್ಯೂಮ್. ಡೋಲು ಬಿದ್ದಾಗ ದಿವಾನದ ಹಲಗೆ ತೊಡೆಗೆ ತಾಗಿತು.

“ಟವರ್‌ಗೆ ಇಷ್ಟು ದುಡ್ಡು ಕೊಟ್ಟು ಸ್ಮಾಲ್ ಅನ್ನೋದಾ?” ಅಂತ ಅನಿಸುತ್ತದೆ, ನನಗೂ ಅನಿಸಿತ್ತು. ಆದರೆ ಬೇಸ್ ಎಳೆಯುವುದಕ್ಕೇ ರಿಸೀವರ್‌ನ ಶಕ್ತಿ ಹೆಚ್ಚು ಖರ್ಚಾಗುತ್ತದೆ. ಸಬ್‌ಗೆ ಅದರದೇ ಆಂಪ್ಲಿಫೈಯರ್ ಇದೆ. ಭಾರ ಅದಕ್ಕೆ ಬಿಟ್ಟರೆ ಟವರ್‌ಗಳು ಹಗುರಾಗಿ, ಸ್ಪಷ್ಟವಾಗಿ ಹಾಡುತ್ತವೆ. 80ರ ಆಸುಪಾಸೇ ಯಾಕೆ ಅಂದರೆ, ಅದಕ್ಕಿಂತ ಕೆಳಗಿನ ಸದ್ದು ಯಾವ ಕಡೆಯಿಂದ ಬರುತ್ತಿದೆ ಅಂತ ಕಿವಿ ಹಿಡಿಯುವುದು ಕಷ್ಟ. 80 ಹರ್ಟ್ಸ್‌ನ ಒಂದು ಅಲೆಯೇ ನಾಲ್ಕು ಮೀಟರ್‌ಗಿಂತ ಉದ್ದ. ಪರೀಕ್ಷೆ ಮಾಡಲೆಂದು ಒಮ್ಮೆ ಎಲ್ಲಕ್ಕೂ 150 ಇಟ್ಟೆ. ಗಂಡಸರ ದನಿಯ ಅರ್ಧ ಭಾಗ ಮೂಲೆಯ ಸಬ್‌ನಿಂದ ಬಂತು. ಟಿ.ವಿ.ಯಲ್ಲಿ ಮುಖ, ಮೂಲೆಯಲ್ಲಿ ಮಾತು. ತಕ್ಷಣ ವಾಪಸ್ ಇಳಿಸಿದೆ. ಹಿಂದಿನ ಚಿಕ್ಕ ಬಾಕ್ಸ್‌ಗಳಿಗೆ ಮಾತ್ರ 100 ಇದೆ, ಅವುಗಳ ಕೈಲಿ ಅದಕ್ಕಿಂತ ಕೆಳಗೆ ಆಗುವುದಿಲ್ಲ.

ಮೈಕ್ ಅಳೆದು ಕೊಟ್ಟ ಕ್ರಾಸ್‌ಓವರ್ ಅಂಕಿಯನ್ನು ಮೇಲೆ ಏರಿಸಬಹುದು, ಕೆಳಗೆ ಇಳಿಸಬೇಡಿ. ಸ್ಪೀಕರ್‌ನಿಂದ ಆಗದ ಬೇಸನ್ನು ಅದರ ತಲೆಗೆ ಕಟ್ಟಿದಂತಾಗುತ್ತದೆ.

ಎರಡು ತೂಬಿನ ನಡುವಿನ ಗದ್ದೆ

ಇಷ್ಟಾದರೂ ಏನೋ ಕೊರತೆ. ಡೋಲು ಸರಿ, ಆದರೆ ಬೇಸ್ ಗಿಟಾರ್ ನುಡಿಸುವಾಗ ಒಂದು ಸ್ವರ ಜೋರು, ಮುಂದಿನದು ಮಾಯ.

ಸಬ್‌ನ ಹಿಂದೆಯೂ ಒಂದು ತಿರುಗಣೆ ಇರುತ್ತದೆ, 40ರಿಂದ 150 ಅಂತ ಬರೆದಿರುತ್ತಾರೆ. ಅದು ಸಬ್‌ನ ಸ್ವಂತ ಕ್ರಾಸ್‌ಓವರ್. ನನ್ನದು 60ರಲ್ಲಿತ್ತು. ಈಗ ಲೆಕ್ಕ ಹಾಕಿ. ರಿಸೀವರ್ ಹೇಳುತ್ತದೆ, 80ಕ್ಕಿಂತ ಕೆಳಗಿನದು ಟವರ್‌ಗೆ ಬೇಡ, ಸಬ್‌ಗೆ ಹೋಗಲಿ. ಸಬ್ ಹೇಳುತ್ತದೆ, 60ಕ್ಕಿಂತ ಮೇಲಿನದು ನನಗೆ ಬೇಡ. ಹಾಗಾದರೆ 60ರಿಂದ 80ರವರೆಗಿನ ಪಟ್ಟಿ ಯಾರದು? ಯಾರದೂ ಅಲ್ಲ. ಮೇಲಿನವರು ತೂಬು ಮುಚ್ಚಿದರು, ಕೆಳಗಿನವರೂ ಮುಚ್ಚಿದರು, ನಡುವಿನ ಗದ್ದೆ ಒಣಗಿತು.

ಬೇಸ್ ಗಿಟಾರ್‌ನ ನಾಲ್ಕು ತಂತಿಗಳನ್ನು ಒತ್ತದೆ ಮೀಟಿದರೆ ಬರುವುದು 41, 55, 73, 98 ಹರ್ಟ್ಸ್. ಆ 73 ನೋಡಿ, ಸರಿಯಾಗಿ ಒಣಗಿದ ಗದ್ದೆಯ ನಡುವೆ ಬಿದ್ದಿದೆ. ನನಗೆ ಕೇಳದೆ ಹೋಗುತ್ತಿದ್ದುದು ಅದೇ. ಕ್ರಾಸ್‌ಓವರ್ ಅನ್ನುವುದು ಗೋಡೆಯಲ್ಲ, ಇಳಿಜಾರು. 80 ದಾಟಿದ ಕೂಡಲೇ ಸದ್ದು ಕಡಿದುಹೋಗುವುದಿಲ್ಲ, ಜಾರುತ್ತಾ ಕಮ್ಮಿಯಾಗುತ್ತದೆ. ಹಾಗಾಗಿ ನಡುವಿನ ಸ್ವರ ಪೂರ್ತಿ ಸಾಯದೆ ಬಡಕಲಾಗಿ ಕೇಳುತ್ತದೆ. ತಪ್ಪು ಬೇಗ ಸಿಕ್ಕಿಬೀಳದಿರುವುದೂ ಇದಕ್ಕೇ.

ಪರಿಹಾರ ಒಂದೇ ನಿಮಿಷದ್ದು. ರಿಸೀವರ್ ಪಾಲು ಮಾಡುತ್ತಿದ್ದರೆ ಸಬ್‌ನ ತಿರುಗಣೆಯನ್ನು ಕೊನೆಯವರೆಗೆ ಮೇಲೆ ತಿರುಗಿಸಿ. ಕೆಲವು ಸಬ್‌ಗಳಲ್ಲಿ ಎಲ್‌ಎಫ್‌ಇ ಅನ್ನುವ ಸ್ವಿಚ್ಚೇ ಇರುತ್ತದೆ, ಇದ್ದರೆ ಅದನ್ನು ಒತ್ತಿ.

ಮೂರನೆಯ ತೂಬೂ ಇದೆ. ಮೆನುವಿನಲ್ಲಿ ‘ಎಲ್‌ಪಿಎಫ್ ಫಾರ್ ಎಲ್‌ಎಫ್‌ಇ’ ಅಂತ ಬೇರೆ ಸಾಲು, ಎಲ್‌ಎಫ್‌ಇಯಲ್ಲಿ ಇಷ್ಟು ಹರ್ಟ್ಸ್‌ಗಿಂತ ಮೇಲಿನದನ್ನು ಕಡಿಯುವುದು. ಕ್ರಾಸ್‌ಓವರ್ 80 ಇಟ್ಟಿದ್ದೇವಲ್ಲ, ಇದನ್ನೂ 80 ಮಾಡಿದರೆ ಹೊಂದುತ್ತದೆ ಅನಿಸುತ್ತದೆ. ಮಾಡಬೇಡಿ, 120ರಲ್ಲೇ ಇರಲಿ. ಇದು ಸಬ್‌ನ ಸ್ವಂತ ಕಾಲುವೆಯ ಬಾಯಿ. ಇಲ್ಲಿ 80ಕ್ಕೆ ಕಡಿದರೆ 80ರಿಂದ 120ರ ನೀರು ಬೇರೆ ಯಾವ ಸ್ಪೀಕರ್‌ಗೂ ಹೋಗುವುದಿಲ್ಲ, ಸುಮ್ನೆ ಪೋಲು.

ದೂರದ ಅಂಕಿ ತಪ್ಪು ಅಂತ ತಿದ್ದಬೇಡಿ

ನಾನು ಕೂರುವ ಜಾಗದಿಂದ ನನ್ನ ಸಬ್ ಟೇಪಿನಲ್ಲಿ 9 ಅಡಿ ದೂರ. ರಿಸೀವರ್ ಬರೆದುಕೊಂಡಿದ್ದು 14 ಅಡಿ. ಯಂತ್ರ ತಪ್ಪಿದೆ ಅಂತ 9 ಮಾಡಿದೆ, ಬೇಸ್ ಸಡಿಲವಾಯಿತು. ಅಲ್ಲಿ ಅಡಿ ಅಂದರೆ ನಿಜವಾಗಿ ಸಮಯ. ಸದ್ದು ಒಂದು ಮಿಲಿಸೆಕೆಂಡ್‌ಗೆ ಸುಮಾರು 34 ಸೆಂ.ಮೀ. ಹೋಗುತ್ತದೆ, ನಮ್ಮ ಏಪ್ರಿಲ್‌ನ 40 ಡಿಗ್ರಿ ಬಿಸಿಲಿನಲ್ಲಿ ಹೆಚ್ಚುಕಮ್ಮಿ ಮೂವತ್ತೈದೂವರೆ. ಸಬ್‌ನ ಒಳಗಿನ ಸರ್ಕ್ಯೂಟ್ ಸದ್ದನ್ನು ಕೆಲವು ಮಿಲಿಸೆಕೆಂಡ್ ತಡೆದು ಹೊರಬಿಡುತ್ತದೆ. ಆ ತಡವನ್ನೂ ಸೇರಿಸಿದರೆ 14 ಅಡಿ ದೂರದಿಂದ ಬಂದಂತೆಯೇ ಲೆಕ್ಕ. ಎಲ್ಲ ಸ್ಪೀಕರ್‌ಗಳ ಸದ್ದು ಒಟ್ಟಿಗೆ ಕಿವಿ ಮುಟ್ಟಲಿ ಅಂತ ಮೈಕ್ ಇದನ್ನೆಲ್ಲ ಲೆಕ್ಕ ಹಾಕಿರುತ್ತದೆ. ಹಾಗೇ ಬಿಡಿ.

ಕೌದಿ, ಬಿಸಿಲು, ಸಬ್‌ನ ಜಾಗ

ಹಾಲ್‌ನ ನಡುವೆ ನಿಂತು ಚಪ್ಪಾಳೆ ತಟ್ಟಿದರೆ ಟಣ್ ಅಂತ ಸದ್ದು ತಿರುಗಿ ಬರುತ್ತಿತ್ತು. ಅವ್ವ ಹಳೇ ಸೀರೆಗಳಿಂದ ಹೊಲಿದ ಎರಡು ದಪ್ಪ ಕೌದಿಗಳಲ್ಲಿ ಒಂದನ್ನು ಸ್ಪೀಕರ್ ಮುಂದಿನ ಗ್ರಾನೈಟ್ ಮೇಲೆ ಹಾಸಿದೆ, ಇನ್ನೊಂದನ್ನು ಎದುರು ಗೋಡೆಗೆ ಇಳಿಬಿಟ್ಟೆ. ಟಣ್ ಹೋಯಿತು, ಮಾತು ಬಿಡಿಬಿಡಿಯಾಯಿತು. ಬಟ್ಟೆ ಹೀರುವುದು ಚೂಪು ಸದ್ದನ್ನು ಮಾತ್ರ, ಬೇಸ್ ಅದಕ್ಕೆ ಜಗ್ಗುವುದಿಲ್ಲ.

ರಿಸೀವರ್ ತಲೆಯ ಮೇಲೆ ಸೆಟ್‌ಟಾಪ್ ಬಾಕ್ಸ್ ಇಡಬೇಡಿ. ಅದರ ಬಿಸಿ ಮೇಲಿನಿಂದಲೇ ಹೊರಬರಬೇಕು, ನಮ್ಮ ಬೇಸಿಗೆಯಲ್ಲಂತೂ ಒಂದು ಗೇಣು ಜಾಗ ಬೇಕೇ ಬೇಕು.

ಬೇಸ್‌ಗೆ ದಾರಿ ಅಂದರೆ ಸಬ್ ಇಡುವ ಜಾಗ. 12 ಅಡಿಯ ಎರಡು ಗೋಡೆಗಳ ನಡುವೆ 47 ಹರ್ಟ್ಸ್ ಸುತ್ತಮುತ್ತಲಿನ ಸದ್ದು ಕಟ್ಟಿಕೊಂಡು ಒಂದು ಕಡೆ ಉಬ್ಬುತ್ತದೆ, ಇನ್ನೊಂದು ಕಡೆ ಕಾಣೆಯಾಗುತ್ತದೆ. ಹಾಗಾಗಿ ಸಬ್ಬನ್ನು ದಿವಾನದ ಮೇಲೆ, ನಾನು ಕೂರುವ ಜಾಗದಲ್ಲೇ ಇಟ್ಟು, ಒಂದೇ ಬೇಸ್ ಗಿಟಾರ್ ಹಾಡನ್ನು ಮತ್ತೆ ಮತ್ತೆ ಹಾಕಿ, ಗೋಡೆಗುಂಟ ಮೊಣಕಾಲೂರಿ ಹೋದೆ. ಮೂಲೆಯಲ್ಲಿ ಬರೀ ಗುಂಯ್. ಎಡ ಟವರ್‌ಗೂ ಬಾಗಿಲಿಗೂ ನಡುವೆ ಎಲ್ಲ ಸ್ವರಗಳೂ ಒಂದೇ ಸಮ ಕೇಳಿದವು. ಸಬ್ ಮತ್ತು ಕಿವಿಯ ಜಾಗ ಅದಲುಬದಲಾದರೂ ಬೇಸ್ ಕೇಳುವುದು ಹಾಗೆಯೇ, ಅದಕ್ಕೇ ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ ಸಬ್ಬನ್ನು ಇಳಿಸಿದೆ. ದಿವಾನವನ್ನೂ ಗೋಡೆಯಿಂದ ಎರಡು ಅಡಿ ಮುಂದಕ್ಕೆ ಎಳೆದೆ.

ಜಾಗ ಬದಲಾದ ಮೇಲೆ ಮೈಕ್ ಇಟ್ಟು ಮತ್ತೆ ಅಳೆಸಲೇಬೇಕು. ಅಳೆಸಿದ ಮೇಲೆ ಮೆನು ಒಮ್ಮೆ ನೋಡಿ. ನಮ್ಮದರಲ್ಲಿ ಟವರ್‌ಗಳ ಮುಂದೆ ಮತ್ತೆ ಲಾರ್ಜ್ ಅಂತಲೇ ಬಂದಿತ್ತು. ಸ್ಮಾಲ್ ಮಾಡಿ, 80 ಇಟ್ಟು, ಸಬ್‌ನ ಕೋನ್ ಮೇಲೆ ಬೆರಳಿಟ್ಟು ನೋಡಿದೆ. ಅಲುಗುತ್ತಿತ್ತು.