ಮಂಡಕಳ್ಳಿಗೆ ಬಂದ ವಿಮಾನ ಯಾಕೆ ನಿಲ್ಲೋದಿಲ್ಲ?

ಮೈಸೂರಿನವರು ಸಿಕ್ಕಾಗಲೆಲ್ಲ ಕೇಳೋದು ಒಂದೇ: "ನಮ್ಮೂರಲ್ಲಿ ಏರ್‌ಪೋರ್ಟ್ ಇದೆ ಅಲ್ವಾ, ಮತ್ತೆ ದಿಲ್ಲಿ, ಮುಂಬೈಗೆ ಯಾಕೆ ಫ್ಲೈಟ್ ಇಲ್ಲ?" ಕೊನೆಗೆ ರಾಜಕಾರಣಿಗಳನ್ನು ಬೈದು ಮಾತು ಮುಗಿಯುತ್ತದೆ. ವಿಮಾನ ಮಾರ್ಗಗಳ ಲೆಕ್ಕ ಹಾಕುವುದೇ ನನ್ನ ಕೆಲಸ. ನಾವು ಟರ್ಮಿನಲ್ ಎಷ್ಟು ಚೆಂದ ಅಂತ ನೋಡುವುದಿಲ್ಲ, ಮೊದಲು ರನ್‌ವೇ ನೋಡುತ್ತೇವೆ.

ಮೈಸೂರಿನ ಏರ್‌ಪೋರ್ಟ್ ಇರುವುದು ಮಂಡಕಳ್ಳಿಯಲ್ಲಿ. ಅದರ ರನ್‌ವೇ 1,740 ಮೀಟರ್ ಉದ್ದ, 30 ಮೀಟರ್ ಅಗಲ. ದಿಲ್ಲಿಗೆ ಬೇಕಾದಷ್ಟು ಇಂಧನ ಮತ್ತು ಜನರನ್ನು ತುಂಬಿಕೊಂಡು ಏರ್‌ಬಸ್ 320 ಥರದ ಜೆಟ್ ಇಲ್ಲಿಂದ ಏಳುವುದು ಆಗದ ಮಾತು. ಹಾಗಾಗಿ ಇಲ್ಲಿಗೆ ಹೊಂದುವುದು ಸುಮಾರು 70 ಸೀಟಿನ, ರೆಕ್ಕೆಯಲ್ಲಿ ಫ್ಯಾನ್ ತಿರುಗುವ ಎಟಿಆರ್. ಅದಕ್ಕೂ ಬೇಸಿಗೆಯಲ್ಲಿ ತೊಂದರೆ ತಪ್ಪಿದ್ದಲ್ಲ. ಮೈಸೂರು ಸಮುದ್ರಮಟ್ಟಕ್ಕಿಂತ 700 ಮೀಟರಿಗೂ ಮೇಲಿದೆ. ಏಪ್ರಿಲ್ ಮಧ್ಯಾಹ್ನದ ಬಿಸಿಗೆ ಗಾಳಿ ಇನ್ನಷ್ಟು ತೆಳುವಾಗುತ್ತದೆ, ಏಳಲು ಹೆಚ್ಚು ಓಟ ಬೇಕಾಗುತ್ತದೆ. ಆಗ ಲೋಡ್ ಶೀಟ್, ಅಂದರೆ ವಿಮಾನದ ತೂಕದ ಪಟ್ಟಿ ಹಿಡಿದವನು ತೂಕ ಕೂಡಿ ಕಳೆಯುತ್ತಾನೆ. ಮಿತಿ ಮೀರಿದರೆ ಕೆಲವು ಸೀಟು ಖಾಲಿ ಬಿಡಬೇಕು, ಇಲ್ಲವೇ ಲಗೇಜ್ ಇಳಿಸಬೇಕು. ಟಿಕೆಟ್ ಮಾರಿದ ಸೀಟನ್ನೇ ಖಾಲಿ ಬಿಡುವುದು ಯಾವ ಸಂಸ್ಥೆಗೆ ಇಷ್ಟ, ಹೇಳಿ?

ಈ ನಿಲ್ದಾಣ ಕಟ್ಟಿಸಿದ್ದು 1940ರ ದಶಕದಲ್ಲಿ, ಮೈಸೂರು ಸಂಸ್ಥಾನ. ಸ್ವಾತಂತ್ರ್ಯ ಬಂದ ಮೇಲೆ ಡಕೋಟಾ ವಿಮಾನ ಹಾರಿತು, ಎಂಬತ್ತರ ದಶಕದಲ್ಲಿ ಸರ್ಕಾರಿ ಸಂಸ್ಥೆ ವಾಯುದೂತ್ ಬಂತು. ಎರಡೂ ಬೆಂಗಳೂರಿಗೆ, ಎರಡೂ ನಿಂತವು. 2010ರಲ್ಲಿ ಹೊಸ ಟರ್ಮಿನಲ್ ಆದ ಮೇಲೆ ಕಿಂಗ್‌ಫಿಷರ್ ಬಂದು ಮರುವರ್ಷವೇ ಹೋಯಿತು. 2013ರಲ್ಲಿ ಸ್ಪೈಸ್‌ಜೆಟ್ ಶುರುವಾಯಿತು, 2014ರಲ್ಲಿ ಅದೂ ನಿಂತಿತು.

ಬೆಂಗಳೂರು–ಮೈಸೂರು ವಿಮಾನಕ್ಕೆ ನಾನಂತೂ ಕೈ ಹಾಕುವುದಿಲ್ಲ. ಹಾರುವುದು ಅರ್ಧ ಗಂಟೆ ನಿಜ. ಆದರೆ ಚೆಕ್-ಇನ್, ಕಾಯುವುದು, ದೇವನಹಳ್ಳಿಯಲ್ಲಿ ಇಳಿದು ಊರೊಳಗೆ ಬರುವುದು ಸೇರಿದರೆ ರೈಲೇ ವಾಸಿ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಬೇರೆ ಆಯಿತು. ದೂರದೂರಿಗೆ ಹೋಗುವವರು ಕೆಎಸ್‌ಆರ್‌ಟಿಸಿ ಫ್ಲೈಬಸ್ ಹತ್ತಿ ನಿದ್ದೆ ಮಾಡಿಕೊಂಡೇ ದೇವನಹಳ್ಳಿ ಮುಟ್ಟುತ್ತಾರೆ. ಮಂಡಕಳ್ಳಿಯ ನಿಜವಾದ ಪೈಪೋಟಿ ಆ ಬಸ್ಸಿನ ಜೊತೆ.

ಹಾಗಾದರೆ ಎಲ್ಲಿಗೆ ಹಾರಿಸಬೇಕು? ಚೆನ್ನೈ, ಹೈದರಾಬಾದ್, ಕೊಚ್ಚಿ, ಗೋವಾ. ಎಟಿಆರ್‌ಗೆ ಇವು ಹೇಳಿ ಮಾಡಿಸಿದ ದೂರ. ರಸ್ತೆಯಲ್ಲಿ ಹೋದರೆ ಅರ್ಧ ದಿನವೋ ಇಡೀ ರಾತ್ರಿಯೋ ಬೇಕು. ಸಣ್ಣ ಊರುಗಳಿಗೂ ವಿಮಾನ ತರುವ ಕೇಂದ್ರದ ಉಡಾನ್ ಯೋಜನೆಯಲ್ಲಿ ಆಗಿದ್ದೂ ಇದೇ. 2017ರಲ್ಲಿ ಟ್ರೂಜೆಟ್ ಚೆನ್ನೈಗೆ ಹಾರಿತು, 2019ರಲ್ಲಿ ಅಲಯನ್ಸ್ ಏರ್ ಉಳಿದ ಊರುಗಳನ್ನು ಜೋಡಿಸಿತು, ಆಮೇಲೆ ಇಂಡಿಗೋ ಬಂತು. ಉಡಾನ್ ಲೆಕ್ಕ ಸರಳ. ಸುಮಾರು ಅರ್ಧ ಸೀಟುಗಳಿಗೆ ದರದ ಮಿತಿ, ಶುರುವಿನಲ್ಲಿ ಒಂದು ಗಂಟೆ ಹಾರಾಟಕ್ಕೆ 2,500 ರೂಪಾಯಿ. ಕಡಿಮೆ ಬಿದ್ದ ದುಡ್ಡನ್ನು ಸರ್ಕಾರ ತುಂಬಿಕೊಡುತ್ತದೆ, ಆದರೆ ಮೂರೇ ವರ್ಷ. ಅಷ್ಟರೊಳಗೆ ಜನರಿಗೆ ಅಭ್ಯಾಸ ಆಗಬೇಕು. ವಾರಕ್ಕೆ ಮೂರು ದಿನ, ಅದೂ ಹೊತ್ತಲ್ಲದ ಹೊತ್ತಿಗೆ ಹಾರಿಸಿದರೆ ಯಾರಿಗೆ ಅಭ್ಯಾಸವಾಗುತ್ತದೆ? ಬೆಳಿಗ್ಗೆ ಹೋಗಿ ರಾತ್ರಿ ವಾಪಸ್ ಬರುವಂತಿದ್ದರೆ ಮಾತ್ರ ಮೈಸೂರಿನ ಹೆಬ್ಬಾಳದ ಕಂಪನಿಗಳವರು ಬುಕ್ ಮಾಡುತ್ತಾರೆ.

ವಿಮಾನ ಕಡಿಮೆ ಇದ್ದಾಗಲೂ ಮಂಡಕಳ್ಳಿ ಪೂರ್ತಿ ಬಾಗಿಲು ಹಾಕಿಲ್ಲ. ಪೈಲಟ್ ತರಬೇತಿಯ ಪುಟ್ಟ ವಿಮಾನಗಳು ಅಲ್ಲೇ ಸುತ್ತು ಹೊಡೆಯುತ್ತವೆ. ಕಲಿಯುವವರಿಗೆ ಗದ್ದಲ ಕಮ್ಮಿ ಇರುವ ಆಕಾಶವೇ ಅನುಕೂಲ.

ಇನ್ನು ಜೆಟ್ ವಿಚಾರ. ರನ್‌ವೇಯನ್ನು 2,750 ಮೀಟರಿಗೆ ಬೆಳೆಸುವ ಯೋಜನೆ ವರ್ಷಗಳಿಂದ ಮಾತಿನಲ್ಲಿದೆ. ಅಡ್ಡ ಬರುವುದು ನಂಜನಗೂಡು ಹೆದ್ದಾರಿ. ರಸ್ತೆಯನ್ನು ರನ್‌ವೇ ಅಡಿಯಲ್ಲಿ ಹಾಯಿಸಬೇಕು, ಇಲ್ಲವೇ ಬಳಸಿ ತರಬೇಕು. ಜಮೀನು, ರಸ್ತೆ ಎರಡರ ತೊಡಕೂ ಮೊದಲು ಬಗೆಹರಿಯಬೇಕು. ಅಲ್ಲಿಯವರೆಗೆ ದಿಲ್ಲಿ ಫ್ಲೈಟ್ ಕೇಳುವುದಕ್ಕಿಂತ, ಚೆನ್ನೈ ವಿಮಾನ ಬೆಳಿಗ್ಗೆ ಏಳಕ್ಕೆ ಹೊರಡಲಿ ಎಂದು ಕೇಳಿ.