ಬ್ರ್ಯಾಂಡ್ ತಂತ್ರ: ಎಡವಿಸುವ ಎರಡನೇ ಖಾನೆ

ಗ್ರಾಹಕರ ಮನಸ್ಸಿನಲ್ಲಿ ಬ್ರ್ಯಾಂಡ್ ಯಾವ ಜಾಗ ಹಿಡಿಯಬೇಕೆಂದು ಹೇಳುವ ಪೊಸಿಷನಿಂಗ್ ವಾಕ್ಯಕ್ಕೆ ನಾಲ್ಕು ಖಾನೆಗಳು: ಯಾರಿಗೆ, ಯಾವುದರ ಬದಲಿಗೆ, ಏನು ಭಿನ್ನ, ನಂಬುವುದು ಹೇಗೆ. ಮೊದಲನೆಯದಕ್ಕೆ ಹೆಚ್ಚು ವಿವರಣೆ ಬೇಡ. ಗ್ರಾಹಕರನ್ನು ವಯಸ್ಸಿಗಿಂತ ಅಗತ್ಯದ ಮೇಲೆ ವಿಂಗಡಿಸಿ, ಅಷ್ಟೇ. ಎಲ್ಲರೂ ತಲೆ ಕೆಡಿಸಿಕೊಳ್ಳುವುದು ಮೂರನೆಯದಕ್ಕೆ. ಆದರೆ ಅದು ಕೆಡುವುದು ಎರಡನೆಯದನ್ನು ಅವಸರದಲ್ಲಿ ತುಂಬಿದಾಗ.

ಯಾವುದರ ಬದಲಿಗೆ?

ಸಣ್ಣ ಅಂಗಡಿಗಳಿಗೆ ಬಿಲ್ಲಿಂಗ್ ಆ್ಯಪ್ ಮಾಡುವ ಕಂಪನಿ ಇದೆ ಎಂದುಕೊಳ್ಳಿ. ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ ಎಂಬುದು ಅದರ ಹೆಮ್ಮೆ. ಎದುರಿಗಿರುವುದು ಬೇರೆ ಬಿಲ್ಲಿಂಗ್ ಆ್ಯಪ್‌ಗಳಾದರೆ ಇದು ನಿಜಕ್ಕೂ ಭಿನ್ನತೆ. ಆದರೆ ಅಂಗಡಿಯವರು ಈಗ ಬಳಸುತ್ತಿರುವುದು ನೋಟ್‌ಬುಕ್ ಮತ್ತು ಪೆನ್ನು ಆಗಿದ್ದರೆ? ನೋಟ್‌ಬುಕ್ಕಿಗೂ ಇಂಟರ್ನೆಟ್ ಬೇಡ! ಅಲ್ಲಿ ಅದೇ ಗುಣ ಬರೀ ಸಮಾನತೆ: ಇದ್ದರೆ ಯಾರೂ ಹೊಗಳುವುದಿಲ್ಲ, ಇಲ್ಲದಿದ್ದರೆ ಆ್ಯಪ್ ಬೇಡವೆನ್ನುತ್ತಾರೆ. ಆಗ ಭಿನ್ನತೆ ಎಂದರೆ ಬಾಕಿ ಲೆಕ್ಕ ತಾನಾಗಿಯೇ ಕೂಡಿಕೊಳ್ಳುವುದು.

ಮಾರ್ಕೆಟಿಂಗ್ ಪ್ರಾಧ್ಯಾಪಕ ಕೆವಿನ್ ಲೇನ್ ಕೆಲ್ಲರ್ ಅವರ ಬರಹಗಳಲ್ಲಿ ಬರುವ ಪಾಯಿಂಟ್ಸ್ ಆಫ್ ಪ್ಯಾರಿಟಿ (ಸಮಾನತೆ), ಪಾಯಿಂಟ್ಸ್ ಆಫ್ ಡಿಫರೆನ್ಸ್ (ಭಿನ್ನತೆ) ಇವೇ. ಇವನ್ನು ಸರಕಿನ ಗುಣಗಳ ಎರಡು ಪಟ್ಟಿ ಎಂದು ಬಾಯಿಪಾಠ ಮಾಡಿದರೆ ಗೊಂದಲ ಖಚಿತ. ಹೋಲಿಕೆ ಬದಲಾದರೆ ಗುಣ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಜಿಗಿಯುತ್ತದೆ.

ಹೋಲಿಕೆಯನ್ನು ಕಚೇರಿಯಲ್ಲಿ ಕೂತು ಊಹಿಸಬೇಡಿ. ಇತ್ತೀಚೆಗೆ ಕೊಂಡ 10–12 ಜನರನ್ನು ಕೇಳಿ: "ನಮ್ಮದು ಸಿಗದೇ ಇದ್ದಿದ್ದರೆ ಏನು ಮಾಡುತ್ತಿದ್ದಿರಿ?" "ನಮ್ಮಲ್ಲಿ ಏನು ಇಷ್ಟವಾಯಿತು?" ಎಂದು ಕೇಳಿದರೆ ಸಿಗುವುದು ಸೌಜನ್ಯದ ಮಾತು. "ಏನೂ ಮಾಡುತ್ತಿರಲಿಲ್ಲ" ಎಂಬ ಉತ್ತರವೇ ಹೆಚ್ಚು ಬಂದರೆ ನಿಮ್ಮ ಪೈಪೋಟಿ ಇನ್ನೊಂದು ಕಂಪನಿಯೊಂದಿಗಲ್ಲ, ಹಳೇ ಅಭ್ಯಾಸದೊಂದಿಗೆ.

ಮೂರನೇ ಖಾನೆಗೆ ಸುಲಭ ಪರೀಕ್ಷೆಯೊಂದಿದೆ: ವಾಕ್ಯವನ್ನು ತಿರುಗಿಸಿ ನೋಡಿ. "ಉತ್ತಮ ಗುಣಮಟ್ಟ" ತಿರುಗಿಸಿದರೆ "ಕಳಪೆ ಗುಣಮಟ್ಟ". ಹಾಗೆಂದು ಯಾರೂ ಹೇಳಿಕೊಳ್ಳುವುದಿಲ್ಲ, ಆದ್ದರಿಂದ ಮೊದಲನೆಯದರಲ್ಲೂ ಹುರುಳಿಲ್ಲ. "ಐದೇ ಗುಂಡಿ, ಬೇರೇನೂ ಇಲ್ಲ" ಎಂಬುದನ್ನು ತಿರುಗಿಸಿದರೆ "ಬೇಕಾದ ಸೌಲಭ್ಯವೆಲ್ಲ ಇದೆ", ಇದನ್ನೂ ಮಾರಬಹುದು. ಅಂದರೆ ಅಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಿಕೊಂಡಿದ್ದೀರಿ.

ಬೆಳೆಯುವಾಗ

ಹೊಸ ಸರಕಿಗೆ ಹಳೇ ಹೆಸರೇ ಇರಲಿ ಎಂದುಕೊಂಡು ಶುರುಮಾಡಿ. ಬ್ರಿಟನ್ನಿನ ವರ್ಜಿನ್ ಕಂಪನಿ ಒಂದೇ ಹೆಸರನ್ನು ಹಲವು ವ್ಯಾಪಾರಗಳಿಗೆ ಹಚ್ಚಿದೆ. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಟೈಡ್, ಪ್ಯಾಂಪರ್ಸ್ ಎಂದು ಬೇರೆ ಬೇರೆ ಹೆಸರು ಸಾಕುತ್ತದೆ. ಪ್ರತಿ ಹೆಸರಿಗೂ ಪ್ರತ್ಯೇಕ ಜಾಹೀರಾತು ಖರ್ಚು ಬೀಳುವುದರಿಂದ ಎರಡನೆಯದು ದೊಡ್ಡ ಜೇಬಿನವರ ದಾರಿ. ಹಳೇ ಹೆಸರಿನ ಭರವಸೆಗೆ ಹೊಸ ಸರಕು ಹೊಂದದಿದ್ದಾಗ ಮಾತ್ರ ಬೇರೆ ಹೆಸರು. ಐಷಾರಾಮಿ ಕಾರಿಗೆ ಟೊಯೊಟಾ 1989ರಲ್ಲಿ ಲೆಕ್ಸಸ್ ಎಂದು ಇಟ್ಟಂತೆ.

ಲೋಗೊ, ಪ್ಯಾಕೆಟ್ ಬದಲಿಸುವ ಚಪಲ ಇದೇ ಹೊತ್ತಿಗೆ ಹುಟ್ಟುತ್ತದೆ. ಹಣ್ಣಿನ ರಸದ ಬ್ರ್ಯಾಂಡ್ ಟ್ರಾಪಿಕಾನಾ 2009ರ ಜನವರಿಯಲ್ಲಿ ಅಮೆರಿಕದಲ್ಲಿ ತನ್ನ ಡಬ್ಬಿಯಿಂದ ಸ್ಟ್ರಾ ಚುಚ್ಚಿದ ಕಿತ್ತಳೆಯ ಚಿತ್ರ ತೆಗೆದು ಲೋಟದ ರಸ ಹಾಕಿತು. ಮಾರಾಟ ಕುಸಿಯಿತು, ಫೆಬ್ರವರಿಯಲ್ಲೇ ಹಳೆಯದಕ್ಕೆ ಮರಳುವುದಾಗಿ ಹೇಳಬೇಕಾಯಿತು. ಬದಲಿಸುವ ಮೊದಲು ಹೆಸರನ್ನು ಮುಚ್ಚಿ, ಬಣ್ಣ, ಆಕಾರ, ಚಿತ್ರಗಳನ್ನು ಒಂದೊಂದಾಗಿ ಗ್ರಾಹಕರಿಗೆ ತೋರಿಸಿ. ಯಾವುದನ್ನು ಕಂಡು ನಿಮ್ಮ ಹೆಸರು ಹೇಳುತ್ತಾರೋ ಅದನ್ನು ಮುಟ್ಟಬೇಡಿ. ಉಳಿದದ್ದನ್ನು ಡಿಸೈನರ್‌ಗೆ ಬಿಡಿ.